ಅಮ್ಮನ ಗೆಳತಿ ಸಿಕ್ಕಿದ್ದಾರೆ, ಅಮ್ಮನಿಗೆ ಹೇಳಿಲ್ಲ

ಪ್ರಶ್ನೆ: ನನಗೆ 29 ವರ್ಷ, ಅಮ್ಮನಿಗೆ 59. ಹೋದ ತಿಂಗಳು ಇಬ್ಬರೂ ಕೂತು ‘ಎಮೆ ಅಂಡ್ ಜಾಗ್ವಾರ್’ ಎಂಬ ಜರ್ಮನ್ ಸಿನಿಮಾ ನೋಡಿದೆವು. ಯುದ್ಧದ ಕಾಲದ ಬರ್ಲಿನ್‌ನಲ್ಲಿ ಇಬ್ಬರು ಹೆಂಗಸರ ಪ್ರೀತಿಯ ಕಥೆ. ಮುಗಿದ ಮೇಲೆ ಅಮ್ಮ ಮಾತೇ ಆಡದೆ ಹೋಗಿ ಮಲಗಿದಳು. ಮಾರನೇ ದಿನ ಹಳೇ ನಿಘಂಟಿನೊಳಗಿಂದ ಒಂದು ಫೋಟೋ ತೆಗೆದು ತೋರಿಸಿದಳು. ಒಂದು ಬದಿ ಕತ್ತರಿಸಿದ ಫೋಟೋ. ಇಪ್ಪತ್ತರ ವಯಸ್ಸಿನ ಅಮ್ಮ, ಅವಳ ಭುಜದ ಮೇಲೆ ಇನ್ಯಾರದೋ ಕೈ. ಹೆಸರು ಹೇಳಿ, “ಮದುವೆಗೆ ಮುಂಚೆ ನಾನು ಇವಳನ್ನು ಪ್ರೀತಿಸ್ತಿದ್ದೆ, ಅವಳೂ ಅಷ್ಟೇ. ಈಗ ಎಲ್ಲಿದ್ದಾಳೋ” ಅಂದಳು. ನಾನು ನೆಟ್‌ನಲ್ಲಿ ಹುಡುಕಿದೆ. ಸಿಕ್ಕಿದರು, ಫೋನ್ ನಂಬರೂ ಸಿಕ್ಕಿತು. ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ಅವರನ್ನು ಕರೆಸಿ ಆಶ್ಚರ್ಯಪಡಿಸಬೇಕು ಅಂತ ಆಸೆ. ಅಪ್ಪನಿಗೆ ಮೊದಲೇ ಹೇಳಬೇಕಾ? ಇನ್ನೊಂದು ಮಾತು, ರಾತ್ರಿ ನಿದ್ದೆ ಬರುತ್ತಿಲ್ಲ. ಅಪ್ಪನ ಜೊತೆ ಅಮ್ಮ ಕಳೆದ ಮೂವತ್ತು ವರ್ಷ ಬರೀ ಸುಳ್ಳಾ?

ಉತ್ತರ: ಮೊದಲಿಗೆ ಒಂದು ವಿನಂತಿ. ಆ ನಂಬರಿಗೆ ಫೋನ್ ಮಾಡಬೇಡಿ. ಈ ವಾರ ಬೇಡ, ಹುಟ್ಟುಹಬ್ಬಕ್ಕಂತೂ ಖಂಡಿತ ಬೇಡ.

ನಿಮ್ಮ ಅಮ್ಮ ಹೇಳಿದ ಮಾತನ್ನು ಇನ್ನೊಮ್ಮೆ ಓದಿ. “ಎಲ್ಲಿದ್ದಾಳೋ” ಅಂದರು. “ಎಲ್ಲಿದ್ದಾಳೆ ನೋಡು” ಅನ್ನಲಿಲ್ಲ. ಆ ಕೊನೆಯ ‘ಓ’ ಇದೆಯಲ್ಲ, ಅದು ತನಗೆ ತಾನೇ ಆಡಿಕೊಳ್ಳುವ ಮಾತು. ಇಷ್ಟು ವರ್ಷ ಮನಸ್ಸಿನೊಳಗೇ ಹೇಳಿಕೊಂಡಿದ್ದನ್ನು ಮೊದಲ ಸಲ ನಿಮ್ಮೆದುರು ಬಾಯಿಬಿಟ್ಟು ಹೇಳಿದರು. ನೀವು ಅದನ್ನು ಕೆಲಸ ಒಪ್ಪಿಸಿದ ಹಾಗೆ ತೆಗೆದುಕೊಂಡಿರಿ. ಪ್ರೀತಿಯಿಂದಲೇ ಮಾಡಿದ್ದೀರಿ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಅವರು ಕೇಳಿರಲಿಲ್ಲ, ಅಲ್ವಾ?

ನಾನು ಆ ಸಿನಿಮಾವನ್ನು ಎರಡು ಸಲ ನೋಡಿದ್ದೇನೆ. 1999ರದ್ದು. ಲಿಲ್ಲಿ ಮತ್ತು ಫೆಲಿಸ್ ಪಾತ್ರ ಮಾಡಿದ ಇಬ್ಬರಿಗೂ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಒಟ್ಟಿಗೇ ಕೊಟ್ಟರು, ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಕೊಡಲು ಹೇಗೆ ಸಾಧ್ಯ ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಕಥೆ ನಿಜವಾಗಿ ನಡೆದದ್ದು. ಲಿಲ್ಲಿ ವುಸ್ಟ್ ನಾಲ್ಕು ಗಂಡುಮಕ್ಕಳ ತಾಯಿ. ನಾಜಿ ಸರ್ಕಾರ ಜಾಸ್ತಿ ಮಕ್ಕಳನ್ನು ಹೆತ್ತವರಿಗೆ ಕೊಡುತ್ತಿದ್ದ ಕಂಚಿನ ಪದಕ ಅವಳ ಹತ್ತಿರ ಇತ್ತು. ಗಂಡ ಸೈನ್ಯದಲ್ಲಿ. ಫೆಲಿಸ್ ಶ್ರಾಗೆನ್‌ಹೈಮ್ ಯಹೂದಿ, ಗೆಸ್ಟಾಪೊ ಅನ್ನುವ ನಾಜಿ ರಹಸ್ಯ ಪೊಲೀಸರ ಕಣ್ಣು ತಪ್ಪಿಸಿ ಬದುಕುತ್ತಿದ್ದ ಇಪ್ಪತ್ತರ ಹುಡುಗಿ. 1942ರ ಕೊನೆಯಲ್ಲಿ ಅವರ ಪರಿಚಯ ಆಯಿತು. ಆಮೇಲೆ ಫೆಲಿಸ್ ಲಿಲ್ಲಿಯ ಮನೆಯಲ್ಲೇ ಇದ್ದಳು.

1944ರ ಆಗಸ್ಟ್ 21ರಂದು ಇಬ್ಬರೂ ಹಾವೆಲ್ ನದಿಗೆ ಈಜಲು ಹೋದರು, ಫೋಟೋ ತೆಗೆದುಕೊಂಡರು, ಮನೆಗೆ ಬಂದರೆ ಗೆಸ್ಟಾಪೊದವರು ಕಾಯುತ್ತಿದ್ದರು. ಆ ದಿನದ ಫೋಟೋಗಳು ಈಗಲೂ ಇವೆ. ನಿಮ್ಮ ಅಮ್ಮನ ಫೋಟೋದ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ. ಮುಖವನ್ನು ಕತ್ತರಿಸಿ ತೆಗೆಯಬೇಕಾಗಿ ಬಂದಿತ್ತು, ಆದರೆ ಭುಜದ ಮೇಲಿನ ಕೈಯನ್ನು ತೆಗೆಯಲು ಆಗಲಿಲ್ಲ. ಯಾರು ಕತ್ತರಿಸಿದರು ಅಂತ ನೀವು ಬರೆದಿಲ್ಲ. ಅಮ್ಮನೇ ಕತ್ತರಿಸಿದರಾ, ಬೇರೆ ಯಾರಾದರೂ ನೋಡಿ ಕತ್ತರಿಸಿದರಾ? ಗೆಳತಿಯನ್ನು ಹುಡುಕುವ ಮೊದಲು ನಿಮಗೆ ಗೊತ್ತಾಗಬೇಕಾದದ್ದು ಇಂಥದ್ದು.

ಆ ಕಥೆಯಲ್ಲೇ ಇನ್ನೊಂದು ಘಟನೆ ಇದೆ. ಫೆಲಿಸ್‌ಳನ್ನು ನಾಜಿಗಳು ಯಹೂದಿಗಳನ್ನು ಕೂಡಿಹಾಕುತ್ತಿದ್ದ ತೆರೆಸಿಯನ್‌ಶ್ಟಾಟ್ ಶಿಬಿರಕ್ಕೆ ಕಳಿಸಿದ ಮೇಲೆ ಲಿಲ್ಲಿ ತಡೆದುಕೊಳ್ಳಲಾರದೆ ಅಲ್ಲಿಗೇ ಹೊರಟುಬಿಟ್ಟಳು. ಒಳಗೆ ಬಿಡಲಿಲ್ಲ, ಮುಖ ನೋಡಲೂ ಆಗಲಿಲ್ಲ. ಎಂಥ ಪ್ರೀತಿ ಅಂತ ನಮಗೆ ಕಣ್ಣೀರು ಬರುತ್ತದೆ. ಆದರೆ ನನಗೆ ಅಲ್ಲಿ ಯಾವಾಗಲೂ ಒಂದು ಪ್ರಶ್ನೆ ಏಳುತ್ತದೆ. ಒಳಗಿದ್ದವಳಿಗೆ ಇದರಿಂದ ಒಳ್ಳೆಯದಾಯಿತಾ? ಅಂಥ ಕಡೆ ಒಬ್ಬಳ ಹೆಸರು ಹಿಡಿದು ಕೇಳಿಕೊಂಡು ಹೋಗುವುದು ಅವಳಿಗೇ ಅಪಾಯ ಆಗಬಹುದಿತ್ತು.

ನಿಮ್ಮ ಅಮ್ಮನ ಗೆಳತಿ ಯಾವ ಶಿಬಿರದಲ್ಲೂ ಇಲ್ಲ, ಸರಿ. ಆದರೆ ಅವರಿಗೂ ಒಂದು ಮನೆ ಇರಬಹುದು. ನೀವು ಫೋನ್ ಮಾಡಿದಾಗ ಎತ್ತುವುದು ಸೊಸೆಯೋ, ಗಂಡನೋ, ಮೊಮ್ಮಗುವೋ ಯಾರಿಗೆ ಗೊತ್ತು? ಮೂವತ್ತು ವರ್ಷ ಮುಚ್ಚಿಟ್ಟದ್ದನ್ನು ಹುಟ್ಟುಹಬ್ಬದ ದಿನ ನಾಲ್ಕು ಜನರ ಮುಂದೆ ನಗುತ್ತಾ ನಿಭಾಯಿಸಿ ಅಂತ ಇಬ್ಬರು ಹೆಂಗಸರನ್ನು ತಂದು ನಿಲ್ಲಿಸುವುದು ಕ್ರೂರ. ಈ ಮಾತು ಬಿರುಸಾಯಿತು, ಆದರೆ ಇದನ್ನು ಮೆತ್ತಗೆ ಹೇಳಿದರೆ ನೀವು ಫೋನ್ ಮಾಡಿಬಿಡುತ್ತೀರೇನೋ ಅಂತ ನನಗೆ ಭಯ.

ಹಾಗಾದರೆ ಗೊತ್ತಾದದ್ದನ್ನು ಮುಚ್ಚಿಡಬೇಕಾ? ಅದೂ ಬೇಡ. ಅಮ್ಮ ಒಬ್ಬರೇ ಇದ್ದಾಗ, ಗಡಿಬಿಡಿ ಇಲ್ಲದ ಹೊತ್ತಲ್ಲಿ ಹೇಳಿ: “ಅಮ್ಮಾ, ನಿನ್ನನ್ನು ಕೇಳದೆ ಹುಡುಕಿಬಿಟ್ಟೆ, ತಪ್ಪಾಯ್ತು. ಅವರು ಬದುಕಿದ್ದಾರೆ. ಜಾಸ್ತಿ ತಿಳ್ಕೋಬೇಕು ಅನ್ನಿಸಿದರೆ ಹೇಳು, ಇಲ್ಲದಿದ್ದರೆ ನಾನು ಮತ್ತೆ ಈ ಮಾತು ಎತ್ತಲ್ಲ.” ಇಷ್ಟೇ. ಬದುಕಿದ್ದಾರೆ ಅನ್ನುವುದೇ ಅವರಿಗೆ ಸಾಕಾಗಬಹುದು. ಲಿಲ್ಲಿಗೆ ಅಷ್ಟೂ ಸಿಗಲಿಲ್ಲ. ಫೆಲಿಸ್ ಎಲ್ಲಿ, ಯಾವತ್ತು ತೀರಿಕೊಂಡಳೋ ಯಾರಿಗೂ ಗೊತ್ತಿಲ್ಲ, 1944ರ ಡಿಸೆಂಬರ್ 31 ಅಂತ ಕೋರ್ಟು ಒಂದು ದಿನಾಂಕ ಹಾಕಿಕೊಟ್ಟಿತು. ಅವಳ ಪತ್ರ, ಕವಿತೆಗಳನ್ನು ಲಿಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಇವರ ಕಥೆ ಪುಸ್ತಕವಾಗಿ ಬಂದದ್ದು 1994ರಲ್ಲಿ, ಅಷ್ಟು ಹೊತ್ತಿಗೆ ಲಿಲ್ಲಿಗೆ ಎಂಬತ್ತು ದಾಟಿತ್ತು. ಕೆಲವರಿಗೆ ಹೇಳಲು ಅಷ್ಟು ಕಾಲ ಬೇಕಾಗುತ್ತದೆ. ನಿಮ್ಮ ಅಮ್ಮ ಅದಕ್ಕಿಂತ ಬೇಗ ಬಾಯಿಬಿಟ್ಟಿದ್ದಾರೆ, ಅದೂ ಮಗಳ ಹತ್ತಿರ.

ಅಪ್ಪನಿಗೆ ಹೇಳಬೇಡಿ. ಹೇಳುವುದಿದ್ದರೆ ಅಮ್ಮ ಹೇಳುತ್ತಾರೆ. ನಾಳೆ ಅವರು ಗೆಳತಿಯ ಜೊತೆ ಮಾತಾಡುತ್ತೇನೆ ಅಂದರೂ ಮೊದಲು ಒಂದು ಪುಟ್ಟ ಪತ್ರ ಬರೆಯಲಿ, ಹಳೇ ಸ್ನೇಹಿತೆ ಬರೆಯುವಂಥದ್ದು, ಬೇರೆ ಯಾರು ಒಡೆದು ಓದಿದರೂ ತೊಂದರೆ ಆಗದಂಥದ್ದು. ಉತ್ತರ ಕೊಡುವುದು, ಬಿಡುವುದು ಆ ಕಡೆಯವರಿಗೆ ಬಿಟ್ಟದ್ದು.

ಇನ್ನು ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆ. ಮೂವತ್ತು ವರ್ಷ ಸುಳ್ಳಾ? ನಿಮ್ಮ ಜ್ವರಕ್ಕೆ ರಾತ್ರಿಯಿಡೀ ಎದ್ದಿದ್ದವರು ಅವರೇ ತಾನೆ, ಅದು ಸುಳ್ಳಾಗುವುದು ಹೇಗೆ? ಅಪ್ಪನ ಜೊತೆ ಅವರಿಗೆ ಎಷ್ಟು ಪ್ರೀತಿ ಇತ್ತು, ಎಷ್ಟು ಬರೀ ಹೊಂದಾಣಿಕೆ ಅನ್ನುವುದು ನನಗೆ ಗೊತ್ತಿಲ್ಲ, ನಿಮಗೂ ಪೂರ್ತಿ ಗೊತ್ತಾಗಲಾರದು. ಕೆಲವು ವರ್ಷ ಕಷ್ಟವಾಗಿರಬಹುದು. ಅದನ್ನು ಅವರು ಹೇಳಿದರೆ ಕೇಳಿಸಿಕೊಳ್ಳಿ, “ಹಾಗಾದ್ರೆ ನಾನು ಯಾಕೆ ಹುಟ್ಟಿದೆ” ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆ ಬಂದ ಕ್ಷಣ ಅವರು ತಮ್ಮ ಮಾತು ನಿಲ್ಲಿಸಿ ನಿಮ್ಮನ್ನು ಸಮಾಧಾನ ಮಾಡಲು ಶುರು ಮಾಡುತ್ತಾರೆ. ಅಮ್ಮಂದಿರು ಹಾಗೇ ಅಲ್ವಾ? ನಿಮ್ಮ ನೋವಿಗೂ ಜಾಗ ಬೇಕು, ಅದನ್ನು ನಂಬಿಕೆಯ ಗೆಳತಿಯ ಹತ್ತಿರ, ಇಲ್ಲವೇ ಒಬ್ಬ ಆಪ್ತಸಲಹೆಗಾರರ ಹತ್ತಿರ ಹೇಳಿಕೊಳ್ಳಿ. ಹೆಸರು ಹೇಳದೆಯೂ ಹೇಳಿಕೊಳ್ಳಬಹುದು.

ನಿಮ್ಮ ಪತ್ರದಲ್ಲಿ ಆ ಗೆಳತಿಯ ಹೆಸರು ಐದು ಸಲ ಬಂದಿತ್ತು, ನಾನು ಎಲ್ಲವನ್ನೂ ತೆಗೆದಿದ್ದೇನೆ. ಎಮೆ, ಜಾಗ್ವಾರ್ ಅನ್ನುವುದು ಲಿಲ್ಲಿ ಮತ್ತು ಫೆಲಿಸ್ ಒಬ್ಬರಿಗೊಬ್ಬರು ಇಟ್ಟುಕೊಂಡ ಹೆಸರು. ಅಮ್ಮ ಮತ್ತೆ ಆ ನಿಘಂಟು ತೆಗೆದಾಗ ಪಕ್ಕದಲ್ಲಿ ಕೂತು, ಅವರನ್ನು ಏನಂತ ಕರೀತಿದ್ದೆ ಅಂತ ಕೇಳಿ.