ಸಿಗರೇಟು ಬಿಟ್ಟು ಜಗಿಯಲು ಹಿಡಿದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪುರುಷ, 41 ವರ್ಷ, ರಾತ್ರಿ ಪಾಳಿಯ ಕೆಲಸ. ತಂಬಾಕು ಬಿಡಿಸುವ ಸಲಹೆಗೆಂದು ನನ್ನ ಬಳಿ ಕಳುಹಿಸಿದ್ದು ದಂತವೈದ್ಯರು. ಕುಳಿತ ಕೂಡಲೇ ಹೇಳಿದ್ದು, "ಸಿಗರೇಟು ಬಿಟ್ಟು 4 ವರ್ಷ ಆಯ್ತು ಸಾರ್, ನನಗ್ಯಾಕೆ ಈ ಸಲಹೆ?"

ಸಿಗರೇಟಿನ ಜಾಗಕ್ಕೆ ಅಡಿಕೆ, ಸುಣ್ಣ, ತಂಬಾಕಿನ ಮಿಶ್ರಣ ಬಂದಿತ್ತು. ದಿನಕ್ಕೆ 8ರಿಂದ 10 ಸಲ, ಒಂದೊಂದು ಸಲ ಅರ್ಧ ಗಂಟೆ, ಯಾವಾಗಲೂ ಎಡಗೆನ್ನೆಯಲ್ಲಿ. ಅಂದರೆ ಬಾಯೊಳಗಿನ ಅದೇ ಜಾಗ ದಿನಕ್ಕೆ 4–5 ಗಂಟೆ ಅದರ ರಸದಲ್ಲಿ ನೆನೆಯುತ್ತಿತ್ತು. ಗೆಳೆಯರು ಸೇರಿದಾಗ ಮದ್ಯದ ಜೊತೆ 3–4 ಸಿಗರೇಟು. ಅದನ್ನವರು ಲೆಕ್ಕಕ್ಕೇ ಹಿಡಿದಿರಲಿಲ್ಲ. "ತಂಬಾಕು ಬಳಸುತ್ತೀರಾ?" ಎಂದಷ್ಟೇ ಕೇಳಿದ್ದರೆ ಇದಾವುದೂ ಹೊರಗೆ ಬರುತ್ತಿರಲಿಲ್ಲ. ಎಷ್ಟು ಸಲ, ಎಷ್ಟು ಹೊತ್ತು, ಯಾವ ಬದಿ, ಬಾಯಲ್ಲಿಟ್ಟುಕೊಂಡೇ ಮಲಗುತ್ತೀರಾ ಎಂದು ಬಿಡಿಸಿ ಕೇಳಬೇಕು. ಕೊನೆಯ ಪ್ರಶ್ನೆಗೆ ತಲೆ ತಗ್ಗಿಸಿ ಹೌದೆಂದರು.

ಒಂದು ವರ್ಷದಿಂದ ಖಾರ ತಾಗಿದರೆ ಬಾಯೆಲ್ಲ ಉರಿ. ಉಷ್ಣವಿರಬೇಕೆಂದು ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತಿದ್ದರು. ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕಾದ ಬಾಯಿಗೆ ಎರಡೇ ಹಿಡಿಸುತ್ತಿದ್ದವು. ವೈದ್ಯರು ಅಳೆದಾಗ 27 ಮಿಲಿಮೀಟರ್. ಎಡಗೆನ್ನೆಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ. ಬಯಾಪ್ಸಿಯಲ್ಲಿ (ಚೂರು ಕೊಯ್ದು ಮಾಡುವ ಪರೀಕ್ಷೆ) ಕ್ಯಾನ್ಸರ್ ಇರಲಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ರೋಗ), ಜೊತೆಗೆ ಜೀವಕೋಶಗಳಲ್ಲಿ ಅಲ್ಪ ಮಟ್ಟದ ಬದಲಾವಣೆ ಎಂದು ವರದಿ ಬಂದಿತ್ತು.

ಹೊಗೆ ಇಲ್ಲದಿದ್ದರೆ ಕ್ಯಾನ್ಸರ್ ಇಲ್ಲ ಎಂಬ ನಂಬಿಕೆಯನ್ನು ಮೊದಲು ಬಿಡಿಸಬೇಕಿತ್ತು. ತಂಬಾಕಿನಲ್ಲಿರುವ, ಕ್ಯಾನ್ಸರ್ ತರುವ ನೈಟ್ರೋಸಮೀನ್ ಎಂಬ ರಾಸಾಯನಿಕಗಳು ಎಲೆಯನ್ನು ಒಣಗಿಸಿ ಹದಗೊಳಿಸುವಾಗಲೇ ಹುಟ್ಟುತ್ತವೆ, ಅವಕ್ಕೆ ಬೆಂಕಿ ಬೇಕಿಲ್ಲ. ಸುಣ್ಣದ ಕ್ಷಾರದಿಂದ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುತ್ತದೆ, ಚಟ ಗಟ್ಟಿಯಾಗುವುದು ಅದರಿಂದಲೇ. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರಿನಂಥ ಕೊಲಾಜೆನ್ ಹೆಚ್ಚಿಸುತ್ತದೆ. ಅಡಿಕೆಯ ತಾಮ್ರದಂಶ ಆ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಮೆತ್ತಗಿರಬೇಕಾದ ಕೆನ್ನೆ ಚರ್ಮದ ಪಟ್ಟಿಯಂತೆ ಬಿಗಿಯುವುದು ಹೀಗೆ. ಇನ್ನು ಮದ್ಯ ಮತ್ತು ಹೊಗೆ ಜೊತೆಗೂಡಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

"ಹಾಗಾದ್ರೆ ತಂಬಾಕು ಬಿಟ್ಟು ಬರೀ ಅಡಿಕೆ ಹಾಕ್ಕೊಳ್ಲಾ?" ಬಹುತೇಕರು ಬಂದು ನಿಲ್ಲುವ ರಾಜಿ ಇದು, ಮೋಸದ್ದೂ ಇದೇ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಅವರ ಬಾಯಿ ಬಿಗಿದಿರುವುದಕ್ಕೆ ಮುಖ್ಯ ಕಾರಣವೂ ಅಡಿಕೆಯೇ. ಬಾಯಿ ಪರಿಮಳಕ್ಕೆಂದು ಮಾರುವ ಪೊಟ್ಟಣಗಳಲ್ಲೂ ಅದಿರಬಹುದು, ಹಿಂಬದಿ ಓದಿಯೇ ಕೊಳ್ಳಬೇಕೆಂದೆ.

ಬಿಡುವ ದಿನವನ್ನು ಹತ್ತು ದಿನ ಮುಂದೆ ಗೊತ್ತು ಮಾಡಿದೆವು. ಹಿಂದಿನ ದಿನ ಜೇಬು, ಗಾಡಿ, ದಿಂಬಿನ ಕೆಳಗೆ ಇದ್ದುದೆಲ್ಲ ಕಸಕ್ಕೆ. ಅವರು ಆಗಲೇ ನಿಕೋಟಿನ್ ಚೂಯಿಂಗ್ ಗಮ್ ಕೊಂಡಿದ್ದರು, ಅದನ್ನು ಅಡಿಕೆಯಂತೆ ಎಡೆಬಿಡದೆ ಜಗಿದು ಬಿಕ್ಕಳಿಕೆ, ಎದೆಯುರಿ ತಂದುಕೊಂಡಿದ್ದರು. ಗಮ್ಮನ್ನು ಕೆಲವು ಸಲ ಜಗಿದು, ಚುರುಕು ತಾಗಿದೊಡನೆ ಕೆನ್ನೆ–ವಸಡಿನ ನಡುವೆ ಇಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಆದರೆ ಬಿಗಿದ ದವಡೆಗೆ ಇದು ಸರಿಹೊಂದುವ ದಾರಿಯೇ ಅಲ್ಲ. ಎದ್ದ ಅರ್ಧ ಗಂಟೆಯೊಳಗೇ ಬಾಯಿಗೆ ಹಾಕಿಕೊಳ್ಳುವಷ್ಟು ಅವಲಂಬನೆಯಿತ್ತು. ಹಾಗಾಗಿ ವೈದ್ಯರು ಚರ್ಮಕ್ಕೆ ಅಂಟಿಸುವ 21 ಮಿಲಿಗ್ರಾಂ ನಿಕೋಟಿನ್ ಪ್ಯಾಚ್ 6 ವಾರ, ಆಮೇಲೆ 14 ಮತ್ತು 7 ಮಿಲಿಗ್ರಾಂ ತಲಾ 2 ವಾರ ಬರೆದುಕೊಟ್ಟರು. ರೋಮವಿಲ್ಲದ ಒಣ ಚರ್ಮಕ್ಕೆ, ದಿನವೂ ಬೇರೆ ಜಾಗಕ್ಕೆ. ರಾತ್ರಿ ಪಾಳಿಯವರಾದ್ದರಿಂದ ಸಂಜೆ ಎದ್ದೊಡನೆ ಹಚ್ಚಿ, ಕೆಟ್ಟ ಕನಸು ಬಿದ್ದರೆ ಮಲಗುವ ಮುನ್ನ ತೆಗೆಯಿರಿ ಎಂದೆ.

ಪ್ಯಾಚ್ ನಿಕೋಟಿನ್ ಕೊಡುತ್ತದೆ, ಬಾಯಿಗೆ ಕೆಲಸ ಕೊಡುವುದಿಲ್ಲ. ಚಪಲ ಎದ್ದಾಗ 5 ನಿಮಿಷ ತಡೆಯುವುದು, ಗುಟುಕು ಗುಟುಕಾಗಿ ನೀರು ಕುಡಿಯುವುದು, ಎದ್ದು ನಾಲ್ಕು ಹೆಜ್ಜೆ ನಡೆಯುವುದು. ಮೊದಲ 3 ದಿನ ಕಠಿಣ, 2ರಿಂದ 4 ವಾರದಲ್ಲಿ ಸಡಿಲವಾಗುತ್ತದೆ. ಮೊದಲ ತಿಂಗಳು ಮದ್ಯಕ್ಕೂ ರಜೆ ಕೊಡಿಸಿದೆ; ಸಿಗರೇಟು ಮತ್ತೆ ಒಳನುಗ್ಗುವುದು ಆ ಬಾಗಿಲಿನಿಂದ.

12ನೇ ದಿನ ಜಾರಿದರು, ಸಹೋದ್ಯೋಗಿ ಕೈಗೆ ಕೊಟ್ಟ ಒಂದು ಪೊಟ್ಟಣ. ಗದರಲಿಲ್ಲ. ಮುಂದಿನ ಸಲ ಕೈಚಾಚಿದವರಿಗೆ ಹೇಳಬೇಕಾದ ಮಾತನ್ನು ಕೂತು ಬಾಯಿಪಾಠ ಮಾಡಿದೆವು: "ಡಾಕ್ಟ್ರು ಬಾಯಿ ಕೊಯ್ದು ಪರೀಕ್ಷೆ ಮಾಡಿದ್ದಾರೆ, ಬೇಡ." ಇಷ್ಟಾದ ಮೇಲೆ ಯಾರೂ ಒತ್ತಾಯಿಸಲಿಲ್ಲವಂತೆ.

ಮೂರು ತಿಂಗಳಿಗೆ ಉರಿ ಕಡಿಮೆಯಾಗಿತ್ತು. ಚಪ್ಪಟೆ ಮರದ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದರ ಮೇಲೊಂದು ಏರಿಸಿ ಹಿಡಿಯುವ, ವೈದ್ಯರು ಕಲಿಸಿದ ವ್ಯಾಯಾಮದಿಂದ ಬಾಯಿ 30 ಮಿಲಿಮೀಟರ್‌ಗೆ ತೆರೆಯುತ್ತಿತ್ತು. ಬಿಗಿದ ನಾರು ಪೂರ್ತಿ ಕರಗುವುದಿಲ್ಲ ಎಂಬುದನ್ನು ಮೊದಲೇ ಹೇಳಿದ್ದರಿಂದ ಬೇಸರಪಡಲಿಲ್ಲ.

"ಇನ್ನು ಭಯವಿಲ್ಲ ಅಲ್ವಾ?" ಎಂದರು. ಅಪಾಯ ವರ್ಷಗಳು ಕಳೆದಂತೆ ಇಳಿಯುತ್ತದೆ, ಒಮ್ಮೆಗೇ ಅಳಿಯುವುದಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಕನ್ನಡಿ, ಟಾರ್ಚ್ ಹಿಡಿದು ಕೆನ್ನೆ, ವಸಡು, ನಾಲಗೆಯ ಅಂಚು, ನಾಲಗೆಯಡಿ ನೋಡಿಕೊಳ್ಳಬೇಕು. 2 ವಾರ ದಾಟಿದರೂ ಮಾಯದ ಹುಣ್ಣು, ಕೆಂಪು ಮಚ್ಚೆ (ಬಿಳಿಯದಕ್ಕಿಂತ ಇದೇ ಹೆಚ್ಚು ಅನುಮಾನದ್ದು), ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯ ಗಂಟು ಕಂಡರೆ ನೋವಿಗಾಗಿ ಕಾಯುವಂತಿಲ್ಲ. ಆರಂಭದಲ್ಲಿ ನೋವೇ ಇರದಿರಬಹುದು. ಬಿಳಿ ಮಚ್ಚೆಗೆ 3 ತಿಂಗಳಿಗೊಮ್ಮೆ ವೈದ್ಯರ ತಪಾಸಣೆ ಗೊತ್ತಾಗಿದೆ, ಅದರ ರೂಪ ಬದಲಾದರೆ ಮತ್ತೆ ಬಯಾಪ್ಸಿ.