ಹಳೇ ಫೋನಿಗೆ ಹೊಸ ಓಎಸ್ ಪೋರ್ಟ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು: ಕುಮಟಾದಲ್ಲಿ ಬಿಸಿಎ ಓದುತ್ತಿದ್ದೀರಿ. ಅಪ್ಪನ 2015ರ ಫೋನ್ ಒಂದಿದೆ, ಒಳಗೆ ಸ್ನ್ಯಾಪ್‌ಡ್ರ್ಯಾಗನ್ 410 ಚಿಪ್. ಅಪ್‌ಡೇಟ್ ನಿಂತು ವರ್ಷಗಳಾದವು. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ, ಸಿ ಭಾಷೆ ಸ್ವಲ್ಪ ಬರುತ್ತದೆ. ಹೊಸ ಓಎಸ್ ಪೋರ್ಟ್ ಮಾಡೋಕೆ, ಅಂದರೆ ಆ ಫೋನಿಗೆ ಹೊಂದಿಸಿ ಓಡಿಸೋಕೆ, ಮೊದಲ ಹೆಜ್ಜೆ ಯಾವುದು?

ಮೊದಲ ಹೆಜ್ಜೆ ಯಾವುದು ಅನ್ನೋದಕ್ಕಿಂತ ಮೊದಲ ಗುರಿ ಯಾವುದು ಅಂತ ಹೇಳುತ್ತೇನೆ. ಯುಎಸ್‌ಬಿ ಕೇಬಲ್ ಮೂಲಕ ಆ ಫೋನಿನೊಳಗೆ ಲಾಗಿನ್ ಆಗುವುದು. ಅಷ್ಟೇ. ಪರದೆ ಕಪ್ಪಗಿರಲಿ, ಟಚ್ ಇಲ್ಲದಿರಲಿ, ವೈಫೈ ಕನಸಿನಲ್ಲೂ ಬೇಡ. ಇದನ್ನು ಮೊದಲೇ ಯಾರಾದರೂ ನನಗೆ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು.

ನಾನು ಶಿರಸಿ ಹತ್ತಿರದ ಹಳ್ಳಿಯವನು. ಹಗಲು ಮನೆಯಿಂದಲೇ ಆಫೀಸ್ ಕೆಲಸ, ರಾತ್ರಿ ಈ ಹುಚ್ಚು. ಮೊದಲ ಸಲ ಕೈ ಹಾಕಿದ್ದು ಮೀಡಿಯಾಟೆಕ್ ಚಿಪ್ಪಿನ ಅಗ್ಗದ ಒಂದು ಫೋನಿಗೆ. ಅದಕ್ಕೆ ನಾಲ್ಕು ತಿಂಗಳು ಸುರಿದೆ. ಕರ್ನಲ್ ಅಂದರೆ ಓಎಸ್‌ನ ತಿರುಳು. ಆ ಫೋನ್ ಕಂಪನಿಯವರು ಅದರ ಸೋರ್ಸ್ ಕೋಡ್ ಹೊರಗೆ ಬಿಟ್ಟೇ ಇರಲಿಲ್ಲ. ಆಂಡ್ರಾಯ್ಡ್ ಬಳಸುವ ಲಿನಕ್ಸ್ ಕರ್ನಲ್ ಇರುವುದು ಜಿಪಿಎಲ್ ಎರಡನೇ ಆವೃತ್ತಿಯ ಲೈಸೆನ್ಸ್‌ನಲ್ಲಿ. ಫೋನ್ ಮಾರಿದ ಮೇಲೆ ಅದರ ಕರ್ನಲ್ ಸೋರ್ಸನ್ನೂ ಕೊಡಬೇಕು ಅನ್ನೋದು ನಿಯಮ. ಮೂರು ಮೇಲ್ ಹಾಕಿದೆ. ಹತ್ತಿರದ ಸರ್ವಿಸ್ ಸೆಂಟರ್‌ಗೆ ಹೋಗಿ ಅಂತ ಉತ್ತರ ಬಂತು. ಅಲ್ಲಿ ಡಿಸ್‌ಪ್ಲೇ ಬದಲಾಯಿಸುತ್ತಾ ಕೂತ ಹುಡುಗನ ಹತ್ತಿರ ಕರ್ನಲ್ ಸೋರ್ಸ್ ಕೇಳೋದು ಹೇಗೆ ಮಾರಾಯ್ರೆ!

ಆಮೇಲೆ ಗೊತ್ತಾಯಿತು, ಫೋನನ್ನು ಆರಿಸುವಾಗ ಹೊರಗಿನ ಹೆಸರು ನೋಡಬಾರದು, ಚಿಪ್ ನೋಡಬೇಕು. ಈ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಸ್ನ್ಯಾಪ್‌ಡ್ರ್ಯಾಗನ್ 410ರ ಒಳಹೆಸರು ಎಂಎಸ್‌ಎಂ8916. ರೆಡ್‌ಮಿ 2, 2015ರ ಮೋಟೋ ಜಿ, ಅದೇ ವರ್ಷದ ಗ್ಯಾಲಕ್ಸಿ ಎ5, ಎಲ್ಲದರಲ್ಲೂ ಇದೇ ಚಿಪ್. ಹವ್ಯಾಸಿಗಳು ಈ ಚಿಪ್ಪಿನ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಹಾಗಾಗಿ ಇವತ್ತಿನ ಮುಖ್ಯ ಲಿನಕ್ಸ್ ಕರ್ನಲ್ ಇದರ ಮೇಲೆ ಚೆನ್ನಾಗಿಯೇ ಓಡುತ್ತದೆ. ಇದೇ ಮೇನ್‌ಲೈನ್ ಕರ್ನಲ್. ಫೋನಿನ ಜೊತೆ ಕಾರ್ಖಾನೆಯಿಂದ ಬಂದದ್ದು 3.10. ಆ ಆವೃತ್ತಿ 2013ರದ್ದು, ಅದರ ದುರಸ್ತಿ ನಿಂತದ್ದು 2017ರಲ್ಲಿ. ಅದನ್ನೇ ಇಟ್ಟುಕೊಂಡು ಮೇಲೆ ಹೊಸ ಬಟ್ಟೆ ತೊಡಿಸೋದು ಸುಲಭ, ಆದರೆ ನನಗೆ ಅದರಲ್ಲಿ ರುಚಿ ಇಲ್ಲ.

ಈಗ ಯಾವ ಓಎಸ್? 2016ರ ಕೊನೆಗೆ ಹವ್ಯಾಸಿಗಳ ಆಂಡ್ರಾಯ್ಡ್ ಆದ ಸೈನೋಜೆನ್‌ಮಾಡ್ ಮುಚ್ಚಿದಾಗ ಅದರಿಂದ ಹುಟ್ಟಿದ್ದು ಲಿನಿಯೇಜ್ ಓಎಸ್. ಆಂಡ್ರಾಯ್ಡೇ ಬೇಕು ಅಂದರೆ ಅದು. ಆದರೆ ಆಂಡ್ರಾಯ್ಡ್ ಸೋರ್ಸ್ ಇಳಿಸಿ ಕಟ್ಟೋಕೆ ಗೂಗಲ್ ಹೇಳುವುದು 400 ಜಿಬಿ ಖಾಲಿ ಜಾಗ, 64 ಜಿಬಿ ರ‍್ಯಾಮ್. ನಿಮ್ಮ ಲ್ಯಾಪ್‌ಟಾಪ್ ಅಲ್ಲೇ ಮಲಗುತ್ತದೆ. ಉಬುಂಟು ಟಚ್ ಇದೆ. 2017ರಲ್ಲಿ ಅದರ ಮೂಲ ಕಂಪನಿ ಕ್ಯಾನೋನಿಕಲ್ ಅದನ್ನು ಕೈಬಿಟ್ಟಿತು, ಯುಬಿಪೋರ್ಟ್ಸ್ ಎಂಬ ಗುಂಪಿನವರು ಎತ್ತಿಕೊಂಡರು. ಕಲಿಯೋಕೆ ನಾನು ಹೇಳುವುದು ಪೋಸ್ಟ್‌ಮಾರ್ಕೆಟ್ ಓಎಸ್. ಇದೂ 2017ರದ್ದೇ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಮೇಲೆ ಕಟ್ಟಿದ್ದು. ಒಂದು ಫೋನ್ ಹತ್ತು ವರ್ಷ ಬಾಳಬೇಕು ಅನ್ನೋದು ಅವರ ಆಸೆ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಆರಾಮವಾಗಿ ಕೆಲಸ ಆಗುತ್ತದೆ.

ಅದಕ್ಕೂ ಮೊದಲು ನಿಮ್ಮ ಫೋನಿನ ಕೋಡ್‌ನೇಮ್, ಅಂದರೆ ತಯಾರಕರು ಇಟ್ಟ ಒಳಹೆಸರು, ತಿಳಿದುಕೊಳ್ಳಿ. ಡಬ್ಬದ ಮೇಲಿನ ಹೆಸರಿಗೆ ಇಲ್ಲಿ ಬೆಲೆ ಇಲ್ಲ. 2015ರ ಮೋಟೋ ಜಿ ಅಂದರೆ ಆಸ್ಪ್ರೇ, ಹಾಗೆ. ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ ಫೋನಿಗೆ ಆಜ್ಞೆ ಕೊಡುವ ಟೂಲ್ ಎಡಿಬಿ. ಅದರ ಶೆಲ್‌ನಲ್ಲಿ ಗೆಟ್‌ಪ್ರಾಪ್ ಕೊಟ್ಟರೆ ಸಿಗುತ್ತದೆ. ಆ ಹೆಸರು ಹಾಕಿ ಇಂಟರ್ನೆಟ್ಟಿನಲ್ಲಿ ಹುಡುಕಿ. ಯಾರೋ ಆಗಲೇ ಅರ್ಧ ಮಾಡಿಟ್ಟಿದ್ದರೆ ನಿಮಗೆ ಮುಕ್ಕಾಲು ಕೆಲಸ ತಪ್ಪಿತು. ಮಾಡಿಲ್ಲ ಅಂದರೂ ಅದೇ ಚಿಪ್ಪಿನ, ಅದೇ ಕಂಪನಿಯ ಇನ್ನೊಂದು ಫೋನ್ ಇದ್ದೇ ಇರುತ್ತದೆ. ಆ ದಾಯಾದಿಯ ಫೈಲನ್ನು ನಕಲು ಮಾಡಿ ತಿದ್ದುವುದೇ ಪೋರ್ಟಿಂಗ್‌ನ ಬಹುಪಾಲು.

ಫೋನ್ ಆನ್ ಆದಾಗ ಓಎಸ್ ಎತ್ತುವುದು ಬೂಟ್‌ಲೋಡರ್. ಅದರ ಬೀಗ ತೆಗೆದರೆ, ಅಂದರೆ ಅನ್‌ಲಾಕ್ ಮಾಡಿದರೆ, ಫೋನಿನಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಅಪ್ಪನ ಫೋಟೋ ಮೊದಲು ತೆಗೆದಿಡಿ. ಅನ್‌ಲಾಕ್ ಆದ ಮೇಲೆ ಟಿಡಬ್ಲ್ಯುಆರ್‌ಪಿ ಎಂಬ ರಿಕವರಿಯಿಂದ (ದುರಸ್ತಿಗೆಂದೇ ಇರುವ ಪುಟ್ಟ ವ್ಯವಸ್ಥೆ) ಬೂಟ್ ಮಾಡಿ, ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ, ಪರ್ಸಿಸ್ಟ್ ಮೆಮೊರಿಯ ಈ ನಾಲ್ಕು ಪಾರ್ಟಿಷನ್‌ಗಳ (ಭಾಗಗಳ) ಪ್ರತಿ ಲ್ಯಾಪ್‌ಟಾಪ್‌ಗೆ ಎಳೆದುಕೊಳ್ಳಿ. ಜಾಗ ಹೆಚ್ಚೇನೂ ಬೇಡ. ನಾನು ಸೋಮಾರಿತನ ಮಾಡಿದೆ. ಒಂದು ದಿನ ತಪ್ಪು ಪಾರ್ಟಿಷನ್ ಅಳಿಸಿದೆ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಸೊನ್ನೆಯಾಯಿತು, ಸಿಮ್ ಹಿಡಿಯೋದೇ ನಿಲ್ಲಿಸಿತು. ನಮ್ಮಲ್ಲಿ ಐಎಂಇಐ ತಿದ್ದುವುದು ಕಾನೂನಿನ ಪ್ರಕಾರ ಅಪರಾಧ. ಹಾಗಾಗಿ ಆಮೇಲೆ ಎಲ್ಲೆಲ್ಲೋ ಸಿಗುವ ಟೂಲ್ ಹಾಕಿ ಬರೆದುಕೊಳ್ಳುವ ಯೋಚನೆ ಬೇಡ. ಅದೇ ಫೋನಿನಿಂದ ತೆಗೆದ ಪ್ರತಿ ಇದ್ದರೆ ವಾಪಸ್ ಹಾಕಿದರಾಯಿತು. ಇಲ್ಲದಿದ್ದರೆ ನನ್ನ ಹಾಗೆ ವೈಫೈ ಮಾತ್ರದ ಫೋನ್.

ಹಳೇ ಬ್ಯಾಟರಿ ಉಬ್ಬಿದೆಯಾ ಅಂತ ಒಮ್ಮೆ ಮುಚ್ಚಳ ತೆಗೆದು ನೋಡಿ. ಉಬ್ಬಿದ್ದರೆ ಬದಲಾಯಿಸದೆ ಮುಂದೆ ಹೋಗಬೇಡಿ.

ಇನ್ನು ಅಸಲಿ ಕೆಲಸ. ಪೋಸ್ಟ್‌ಮಾರ್ಕೆಟ್ ಓಎಸ್ ಕಟ್ಟೋಕೆ ಪಿಎಂಬೂಟ್‌ಸ್ಟ್ರ್ಯಾಪ್ ಅಂತ ಪೈಥಾನ್‌ನಲ್ಲಿ ಬರೆದ ಟೂಲ್ ಇದೆ. ಇನಿಟ್ ಎನ್ನುವ ಆಜ್ಞೆ ಕೊಟ್ಟರೆ ಕಂಪನಿ ಹೆಸರು, ಕೋಡ್‌ನೇಮ್ ಕೇಳುತ್ತದೆ. ಹೊಸ ಹೆಸರು ಕೊಟ್ಟರೆ ಖಾಲಿ ಪ್ಯಾಕೇಜ್‌ನ ಚೌಕಟ್ಟನ್ನು ತಾನೇ ಬರೆದುಕೊಡುತ್ತದೆ. ನಿಮ್ಮ ಫೋನಿನ ಮೂಲ ಬೂಟ್ ಇಮೇಜ್ (ಓಎಸ್ ಶುರುವಾಗೋಕೆ ಬೇಕಾದ ಫೈಲ್) ಕೊಟ್ಟರೆ ಅದನ್ನು ಬಿಚ್ಚಿ ಪೇಜ್ ಸೈಜ್, ಬೇಸ್ ವಿಳಾಸ ಎಲ್ಲ ತೆಗೆದುಕೊಳ್ಳುತ್ತದೆ. ಆ ಇಮೇಜನ್ನು ಸುಮ್ನೆ ಒಮ್ಮೆ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ. ಮೊದಲ ಎಂಟು ಅಕ್ಷರ ಇಂಗ್ಲಿಷಿನಲ್ಲಿ ಆಂಡ್ರಾಯ್ಡ್, ಕೊನೆಗೆ ಒಂದು ಆಶ್ಚರ್ಯ ಚಿಹ್ನೆ. ಅದರ ಹಿಂದೆ ಕರ್ನಲ್, ರ‍್ಯಾಮ್‌ಡಿಸ್ಕ್. ಇಷ್ಟು ದಿನ ಮಂತ್ರ ಅಂದುಕೊಂಡಿದ್ದದ್ದು ಬರೀ ಕಟ್ಟಿಟ್ಟ ಗಂಟು ಅಂತ ಗೊತ್ತಾಗುತ್ತದೆ.

ನಿಮ್ಮ ಚಿಪ್ಪಿಗೆ ಎಲ್‌ಕೆ-ಸೆಕೆಂಡ್ ಅನ್ನುವ ಎರಡನೇ ಬೂಟ್‌ಲೋಡರ್ ಇದೆ. ಕಂಪನಿಯ ಬೂಟ್‌ಲೋಡರ್ ಇದನ್ನೇ ಆಂಡ್ರಾಯ್ಡ್ ಅಂದುಕೊಂಡು ಓಡಿಸುತ್ತದೆ, ಇದು ಮುಂದೆ ನಮ್ಮ ಕರ್ನಲ್ ಎತ್ತುತ್ತದೆ. ಒಂದು ಸಣ್ಣ ಹೊಂಡವಿದೆ: ಚಿಪ್ 64 ಬಿಟ್‌ನದ್ದಾದರೂ ಹಲವು ಕಂಪನಿಗಳು ಫೋನನ್ನು 32 ಬಿಟ್ ಫರ್ಮ್‌ವೇರ್ ಹಾಕಿ ಮಾರಿದವು. 64 ಬಿಟ್ ಕರ್ನಲ್ ಏಳದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಕರ್ನಲ್ ಸೋರ್ಸ್ ಇಳಿಸುವಾಗ ನಮ್ಮ ಕಡೆಯ ಕಷ್ಟ ಒಂದಿದೆ. ಗಿಟ್ ಕ್ಲೋನ್ ನಡುವೆ ನಿಂತರೆ ಮತ್ತೆ ಮೊದಲಿಂದ. ಜುಲೈ ತಿಂಗಳಲ್ಲಿ ಕರೆಂಟು, ನೆಟ್ಟು ಎರಡೂ ಗಾಳಿಗೆ ಬಿಟ್ಟದ್ದು, ನಿಮಗೇ ಗೊತ್ತಲ್ವಾ. ಅದರ ಬದಲು ಸೋರ್ಸನ್ನೆಲ್ಲ ಒಂದೇ ಗಂಟಾಗಿ ಕಟ್ಟಿದ ಟಾರ್ ಫೈಲ್ ಇಳಿಸಿ. ನಿಂತಲ್ಲಿಂದಲೇ ಮುಂದುವರಿಸಬಹುದು.

ಕಟ್ಟಿದ ಇಮೇಜನ್ನು ಫ್ಲ್ಯಾಶ್ ಮಾಡಬೇಡಿ, ಅಂದರೆ ಫೋನಿನ ಮೆಮೊರಿಗೆ ಬರೆಯಬೇಡಿ. ಬೂಟ್‌ಲೋಡರ್ ಜೊತೆ ಮಾತಾಡುವ ಫಾಸ್ಟ್‌ಬೂಟ್ ಎಂಬ ಟೂಲ್‌ನಲ್ಲಿ ಬೂಟ್ ಎನ್ನುವ ಆಜ್ಞೆ ಇದೆ. ಅದು ಇಮೇಜನ್ನು ನೇರ ರ‍್ಯಾಮ್‌ಗೆ ಕಳಿಸಿ ಓಡಿಸುತ್ತದೆ, ಫೋನಿನ ಮೆಮೊರಿಯಲ್ಲಿ ಏನನ್ನೂ ಬರೆಯುವುದಿಲ್ಲ. ಕೆಟ್ಟರೆ ರೀಸ್ಟಾರ್ಟ್ ಮಾಡಿ, ಹಳೇ ಆಂಡ್ರಾಯ್ಡ್ ಹಾಗೇ ಇರುತ್ತದೆ. ಇದಿರುವಷ್ಟು ದಿನ ಫೋನ್ ಬ್ರಿಕ್ ಆಗುವ, ಅಂದರೆ ಇಟ್ಟಿಗೆಯ ಹಾಗೆ ಸತ್ತುಬೀಳುವ, ಭಯ ತೀರಾ ಕಡಿಮೆ. ಫಾಸ್ಟ್‌ಬೂಟ್‌ಗೆ ಫೋನೇ ಕಾಣಿಸದಿದ್ದರೆ ಕೇಬಲ್ ಬದಲಾಯಿಸಿ. ನಾನು ಮಾರಿಕಾಂಬಾ ಜಾತ್ರೆಯಲ್ಲಿ 50 ರೂಪಾಯಿಗೆ ತಂದ ಕೇಬಲ್ ಹಾಕಿ ಇಡೀ ಸಂಜೆ ಡ್ರೈವರ್ ಹುಡುಕಿದ್ದೆ. ಅದರೊಳಗೆ ಚಾರ್ಜಿಂಗ್ ತಂತಿ ಮಾತ್ರ ಇತ್ತು.

ಈಗ ಆ ಕಪ್ಪು ಪರದೆಯ ಕಥೆ. ನನ್ನ ಎರಡನೇ ಫೋನ್ ಕೂಡ 8916. ಇಮೇಜ್ ಕಳಿಸುತ್ತಿದ್ದೆ, ಫಾಸ್ಟ್‌ಬೂಟ್ ಓಕೆ ಅನ್ನುತ್ತಿತ್ತು, ಪರದೆ ಕಪ್ಪಾಗುತ್ತಿತ್ತು. ನಾನು ತಕ್ಷಣ ಕೇಬಲ್ ಕಿತ್ತು, ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಹಿಂದಿನ ಬೆಳಕಾದರೂ ಬಂತಾ ಅಂತ ನೋಡುತ್ತಿದ್ದೆ. ಇಲ್ಲ. ಬ್ಯಾಟರಿ ತೆಗಿ, ಹಾಕು, ಕರ್ನಲ್ ತಿದ್ದು, ಮತ್ತೆ ಕಟ್ಟು. ಎರಡು ವಾರ ಹೀಗೇ ಹೋಯಿತು. ಒಂದು ರಾತ್ರಿ ಇಮೇಜ್ ಕಳಿಸಿದ ಹೊತ್ತಿಗೆ ಸರಿಯಾಗಿ ಆಯಿ ಊಟಕ್ಕೆ ಕರೆದಳು. ಕೇಬಲ್ ಕೀಳದೆ ಎದ್ದು ಹೋದೆ. ಬಂದು ನೋಡಿದರೆ ಲ್ಯಾಪ್‌ಟಾಪ್‌ನ ಕರ್ನಲ್ ಲಾಗ್‌ನಲ್ಲಿ ಎರಡು ಹೊಸ ಸಾಲು: ಹೊಸ ಯುಎಸ್‌ಬಿ ಸಾಧನ ಸಿಕ್ಕಿದೆ, ಹೊಸ ನೆಟ್‌ವರ್ಕ್ ಬಂದಿದೆ. ಫೋನಿನ ವಿಳಾಸ 172.16.42.1ಕ್ಕೆ ಪಿಂಗ್ ಮಾಡಿದೆ, ಅಂದರೆ ಇದ್ದೀಯಾ ಅಂತ ಕೇಳಿದೆ. ಉತ್ತರ ಬಂತು! ಟೆಲ್ನೆಟ್ ಹಾಕಿ ಒಳಹೊಕ್ಕೆ, ಆಜ್ಞೆ ಕೊಡುವ ಪ್ರಾಂಪ್ಟ್ ಬಂತು. ಫೋನಿನ ಪರದೆ ಆಗಲೂ ದೋಸೆ ಹಂಚಿನಷ್ಟೇ ಕಪ್ಪು. ಅಂದರೆ ಅದು ಎರಡು ವಾರದಿಂದ ದಿನಾ ಬೂಟ್ ಆಗುತ್ತಿತ್ತು. ನಾನೇ ದಿನಾ ಕೊಲ್ಲುತ್ತಿದ್ದೆ.

ಹಾಗಾಗಿ ದೋಷ ಹುಡುಕೋಕೆ ಇರುವ ಪೋಸ್ಟ್‌ಮಾರ್ಕೆಟ್ ಓಎಸ್‌ನ ಡೀಬಗ್ ಶೆಲ್ ಸೇರಿಸಿಯೇ ಇಮೇಜ್ ಕಟ್ಟಿ. ಫೋನ್ 172.16.42.1 ವಿಳಾಸದಲ್ಲಿ ಕಾಯುತ್ತದೆ. ಕೇಬಲ್ ಮುಟ್ಟದೆ ಒಂದು ನಿಮಿಷ ಕಾಯಿರಿ. ಅದೂ ಬರಲಿಲ್ಲ, ಫೋನ್ ತಾನಾಗೇ ರೀಸ್ಟಾರ್ಟ್ ಆಯಿತು ಅಂದರೆ, ಕೆಲವು ಫೋನುಗಳಲ್ಲಿ ಸತ್ತ ಕರ್ನಲ್‌ನ ಕೊನೇ ಮಾತು ಪಿ-ಸ್ಟೋರ್ ಎಂಬ ಜಾಗದಲ್ಲಿ ಉಳಿದಿರುತ್ತದೆ. ಆಂಡ್ರಾಯ್ಡ್‌ಗೆ ಮರಳಿ ಅದನ್ನು ಓದಬಹುದು.

ಲಾಗಿನ್ ಸಿಕ್ಕ ಮೇಲೆ ಉಳಿದದ್ದೆಲ್ಲ ಡಿವೈಸ್ ಟ್ರೀ ಕೆಲಸ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಕರ್ನಲ್ ಕೇಳಿದರೆ ಒಂದೊಂದು ಕಾರ್ಡೂ ತಾನು ಯಾರು ಅಂತ ಹೇಳುತ್ತದೆ. ಫೋನಿನ ಭಾಗಗಳು ಬಾಯಿ ಬಿಡುವುದಿಲ್ಲ. ನಮ್ಮ ಘಟ್ಟದ ಮೇಲಿನ ಹಳ್ಳಿಗೆ ಹೊಸ ಪೋಸ್ಟ್‌ಮ್ಯಾನ್ ಬಂದ ಹಾಗೆ. ಮನೆ ನಂಬರ್ ಇಲ್ಲ. ಒಂದು ಮನೆ ಗುಡ್ಡದ ತುದಿಗೆ, ಇನ್ನೊಂದು ಅಡಿಕೆ ತೋಟದ ಆಚೆ. ಕೆಳಗಿನಮನೆಗೆ ಯಾವ ಸಂಕ ದಾಟಬೇಕು, ಎಲ್ಲಿ ನಾಯಿ ಇದೆ ಅಂತ ಹಳಬನೇ ಚೀಟಿ ಬರೆದುಕೊಡಬೇಕು. ಆ ಚೀಟಿಯೇ ಡಿವೈಸ್ ಟ್ರೀ. ಟಚ್ ಚಿಪ್ ಯಾವ ಐ2ಸಿ ತಂತಿಯ ಮೇಲಿದೆ, ಅದರ ವಿಳಾಸ ಎಷ್ಟು, ರೀಸೆಟ್ ಯಾವ ಪಿನ್ನಿಗೆ, ಕರೆಂಟು ಯಾವ ರೆಗ್ಯುಲೇಟರ್‌ನಿಂದ, ಎಲ್ಲ ಅದರಲ್ಲಿ ಬರೆಯಬೇಕು.

ನನ್ನ ಟಚ್ ಹೀಗೆ ಕೈಕೊಟ್ಟಿತು. ಅದೇ ಮಾಡೆಲ್‌ಗೆ ಬೇರೆಯವರು ಬರೆದದ್ದರಲ್ಲಿ ಫೋಕಲ್‌ಟೆಕ್ ಚಿಪ್, ವಿಳಾಸ ಹೆಕ್ಸ್‌ನಲ್ಲಿ 38. ನಾನೂ ಅದನ್ನೇ ಹಾಕಿದೆ. ಉತ್ತರವೇ ಇಲ್ಲ. ವೋಲ್ಟೇಜ್ ಅನುಮಾನಿಸಿದೆ, ಪಿನ್ ಅನುಮಾನಿಸಿದೆ. ಕೊನೆಗೆ ಆಂಡ್ರಾಯ್ಡ್‌ಗೆ ಹಿಂತಿರುಗಿ, ರೂಟ್ ಮಾಡಿ (ಪೂರ್ಣ ಅಧಿಕಾರ ಪಡೆದು), ಅದರ ಕರ್ನಲ್ ಲಾಗ್ ಓದಿದರೆ ಸಿನಾಪ್ಟಿಕ್ಸ್, ವಿಳಾಸ ಹೆಕ್ಸ್ 20 ಅಂತ ಬರೆದಿತ್ತು. ಒಂದೇ ಮಾಡೆಲ್, ಆದರೆ ಒಂದೊಂದು ಬ್ಯಾಚ್‌ಗೆ ಒಂದೊಂದು ಭಾಗ. ಅಂದಿನಿಂದ ನನ್ನ ಅಭ್ಯಾಸ ಬದಲಾಗಿದೆ. ಯಾವ ಫೋನ್ ಕೈಗೆ ಬಂದರೂ ಅನ್‌ಲಾಕ್ ಆದ ಮೇಲೆ ಮೊದಲು ಹಳೇ ಆಂಡ್ರಾಯ್ಡ್ ಓಡುವಾಗಲೇ ಅದರ ಪೂರ್ತಿ ಕರ್ನಲ್ ಲಾಗ್, ಪ್ರೊಕ್ ಫೋಲ್ಡರ್ ಒಳಗಿನ ಡಿವೈಸ್ ಟ್ರೀ, ಸಿಕ್ಕರೆ ಕಾನ್ಫಿಗ್ ಫೈಲ್, ಮೂರನ್ನೂ ತೆಗೆದಿಡುತ್ತೇನೆ. ಪರದೆಗೂ ಇದೇ ಬೇಕು. ಹಳೇ ಡಿವೈಸ್ ಟ್ರೀ ಓದಿ ಪ್ಯಾನೆಲ್ ಡ್ರೈವರ್ ಬರೆದುಕೊಡುವ ಪುಟ್ಟ ಪ್ರೋಗ್ರಾಂ ಒಂದನ್ನು 8916ರ ಹವ್ಯಾಸಿಗಳು ಮಾಡಿಟ್ಟಿದ್ದಾರೆ. ಕೈಯಲ್ಲಿ ಬರೆಯೋಕೆ ಹೋಗಬೇಡಿ.

ಎಲ್ಲ ಆದ ಮೇಲೆ ಅಪ್ಪನಿಗೆ ವಾಪಸ್ ಕೊಡುವ ಆಸೆ ಇದ್ದರೆ ಈಗಲೇ ಬಿಡಿ. ಜಿಯೋ 2016ರಲ್ಲಿ ಶುರುವಾದದ್ದೇ ಬರೀ 4ಜಿ ಮೇಲೆ, ಮಾತೆಲ್ಲ ವೋಲ್ಟಿಯಲ್ಲಿ, ಅಂದರೆ ಕರೆ ಹೋಗುವುದೂ 4ಜಿ ಮೂಲಕವೇ. ಅದನ್ನು ನಡೆಸುವ ಸಾಫ್ಟ್‌ವೇರ್ ಕಂಪನಿಯ ಆಂಡ್ರಾಯ್ಡ್ ಜೊತೆ ಹೋಗಿಬಿಡುತ್ತದೆ. ಲಿನಕ್ಸ್ ಕಡೆ ಸುಲಭಕ್ಕೆ ಸಿಗುವುದಿಲ್ಲ. ಕ್ಯಾಮೆರಾ ಕೂಡ ದೂರದ ಮಾತು. ಬ್ಯಾಂಕಿನ ಆ್ಯಪ್, ಯುಪಿಐ ನಂಬಿ ಕೂರಬೇಡಿ.

ಮತ್ತೆ ಯಾಕೆ ಇಷ್ಟೆಲ್ಲ ಅಂತ ನಮ್ಮನೆಯಲ್ಲೂ ಕೇಳುತ್ತಾರೆ. ನನ್ನ ಆ ಸಿಮ್ ಇಲ್ಲದ ಫೋನ್ ಈಗ ಅಡಿಕೆ ಡ್ರೈಯರ್ ಕೋಣೆಯ ಹೊರಗೋಡೆಗೆ ತೂಗಿದೆ. ಒಳಗಿರುವ ಇಎಸ್‌ಪಿ8266 ಬೋರ್ಡ್ ವೈಫೈ ಮೇಲೆ ಬಿಸಿ ಎಷ್ಟು ಅಂತ ಕಳಿಸುತ್ತದೆ, ಫೋನ್ ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋದರೆ ಬರೆದದ್ದು ಅಳಿಯುವುದಿಲ್ಲ, ಅದಕ್ಕೆ ತನ್ನದೇ ಬ್ಯಾಟರಿ ಇದೆ. ಯಾವಾಗಲೂ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬುತ್ತದೆ. ಅದಕ್ಕೆ ಒಂದು ಟೈಮರ್ ಪ್ಲಗ್ ಇಟ್ಟಿದ್ದೇನೆ, ದಿನಕ್ಕೆ ಎರಡು ಸಲ ಚಾರ್ಜ್ ಆಗುತ್ತದೆ.

ನಿಮ್ಮ ಫೋನಿನ ಕೋಡ್‌ನೇಮ್, ಮತ್ತು ಆಂಡ್ರಾಯ್ಡ್ ಕರ್ನಲ್ ಲಾಗ್‌ನಲ್ಲಿ ಟಚ್, ಪ್ಯಾನೆಲ್ ಹೆಸರು ಬರುವ ಸಾಲುಗಳನ್ನು ಇಲ್ಲೇ ಕೆಳಗೆ ಹಾಕಿ. ಯಾವ ದಾಯಾದಿ ಫೋನಿನ ಫೈಲ್ ನಕಲು ಮಾಡಬಹುದು ಅಂತ ನೋಡಿ ಹೇಳುತ್ತೇನೆ.