ಆರನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ಶಿಕ್ಷಕರ ದಿನದ ಸಂಚಿಕೆಗೆಂದು ನೀವು ಕಳಿಸಿದ ‘ಗುರುವಿನ ಋಣ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ‘ಪ್ರಕಟಿಸಲು ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ.

ಆರಿಸಿಕೊಂಡ ಪುಸ್ತಕ ಒಳ್ಳೆಯದು. ಮಿಖಾಲ್ ಬೆನ್-ನಫ್ತಾಲಿ ಹೀಬ್ರೂನಲ್ಲಿ ಬರೆದ ಕಾದಂಬರಿ, ಇಂಗ್ಲಿಷಿನಲ್ಲಿ ‘ದ ಟೀಚರ್’. ಇಸ್ರೇಲಿನ 2016ರ ಸಪೀರ್ ಸಾಹಿತ್ಯ ಪ್ರಶಸ್ತಿ ಪಡೆದದ್ದು. ಆದರೆ ನಿಮ್ಮ ಎಂಟು ಪುಟಗಳಲ್ಲಿ ಕಾದಂಬರಿಯ ಹೆಸರು ಬರುವುದೇ ಮೂರನೇ ಪುಟದಲ್ಲಿ. ಅಲ್ಲಿಯವರೆಗೆ ಗುರುಬ್ರಹ್ಮ ಶ್ಲೋಕ, ರಾಧಾಕೃಷ್ಣನ್, ಏಕಲವ್ಯನ ಹೆಬ್ಬೆರಳು. ಟೆಲ್ ಅವೀವ್‌ನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಎಲ್ಸಾ ವೈಸ್‌ಗೂ ಏಕಲವ್ಯನಿಗೂ ಎಲ್ಲಿಯ ಸಂಬಂಧ?

ಎಲ್ಸಾ ಯಾರ ಗುರುವೂ ಆಗಲು ಹೋದವರಲ್ಲ. ಮಕ್ಕಳನ್ನು ಹತ್ತಿರ ಬಿಟ್ಟುಕೊಂಡವರಲ್ಲ. ಶಾಲೆಯ ಹೊರಗೆ ಅವರನ್ನು ಯಾರೂ ನೋಡಿರಲಿಲ್ಲ. ನೀವು ಅವರನ್ನು ಹನ್ನೊಂದು ಕಡೆ ‘ಗುರುಮಾತೆ’ ಅಂದಿದ್ದೀರಿ. ಎಣಿಸಿದೆ! ಹೀಬ್ರೂ ಹೆಸರು ‘ಹಮೊರಾ’. ‘ಮೊರಾ’ ಅಂದರೆ ಪಾಠ ಮಾಡುವ ಹೆಂಗಸು, ಗಂಡಸಾದರೆ ‘ಮೊರೆ’. ಇಂಗ್ಲಿಷಿಗೆ ಬಂದಾಗ ಆ ಹೆಣ್ಣುತನ ಹೆಸರಿನಿಂದ ಬಿದ್ದುಹೋಯಿತು. ನಮ್ಮಲ್ಲಿ ಬೀಳಬೇಕಿಲ್ಲ. ಅಕ್ಕೋರು ಇದೆ, ಮೇಡಂ ಇದೆ, ಮಿಸ್ ಇದೆ. ‘ಅಕ್ಕೋರು’ ಅಂದರೆ ಎಲ್ಸಾಗೆ ಸಲಿಗೆ ಜಾಸ್ತಿಯಾಯಿತು. ‘ಮೇಡಂ’ ಅಂದರೆ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಮಾತಾಡಬೇಕು, ಅದು ಸರಿಹೋಗುತ್ತದೆ. ಹಾಗೆಯೇ, ನೀವು ಒಂದು ಪ್ಯಾರಾದಲ್ಲಿ ‘ಅವರು’, ಮುಂದಿನದರಲ್ಲಿ ‘ಅವಳು’ ಅಂತ ಮನಸ್ಸಿಗೆ ಬಂದ ಹಾಗೆ ಬದಲಾಯಿಸಿದ್ದೀರಿ. ಅದನ್ನು ಬೇಕೆಂದೇ ಮಾಡಬಹುದಿತ್ತು. ಕ್ಲಾಸಿನಲ್ಲಿ ನಿಂತಾಗ ‘ಅವರು’. ಕಾದಂಬರಿಯ ಕಥೆ ಹೇಳುವ ಶಿಷ್ಯೆ ಮೂವತ್ತು ವರ್ಷದ ನಂತರ ಕೂತು ಕಲ್ಪಿಸಿಕೊಳ್ಳುವ ಹಂಗೆರಿಯ ದಿನಗಳ ಹುಡುಗಿ ಬಂದಾಗ ‘ಅವಳು’. ಹೀಬ್ರೂನಲ್ಲೂ ಇಂಗ್ಲಿಷಿನಲ್ಲೂ ಇಲ್ಲದ ಅನುಕೂಲ ಇದು. ಸುಮ್ನೆ ಯಾಕೆ ಕಳೆದುಕೊಳ್ಳುತ್ತೀರಿ?

ಇನ್ನೊಂದು ಮಾತು, ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ‘ಕೊನೆಗೊಮ್ಮೆ ಆ ಚೇತನ ಮರೆಯಾಯಿತು’ ಎಂದು ಬರೆದಿದ್ದೀರಿ. ಎಲ್ಸಾ ತಮ್ಮ ಕಟ್ಟಡದ ತಾರಸಿಯಿಂದ ಹಾರಿ ಸತ್ತರು. ಶಿಕ್ಷಕರ ದಿನಕ್ಕೆ ಬೇಡ ಅನ್ನಿಸಿರಬೇಕು, ಅರ್ಥವಾಗುತ್ತದೆ. ಆದರೆ ಶಿಷ್ಯೆಯನ್ನು ಮೂವತ್ತು ವರ್ಷ ಕಾಡಿದ್ದು ಅದೇ. ಅದನ್ನು ಮುಚ್ಚಿಟ್ಟರೆ ಆಕೆ ಯಾಕೆ ಈ ಕಥೆ ಹುಡುಕಿಕೊಂಡು ಹೊರಟಳು ಅನ್ನುವುದೇ ತಿಳಿಯುವುದಿಲ್ಲ.

ಎಲ್ಸಾ ಹಂಗೆರಿಯಿಂದ ಪಾರಾದ ರೈಲಿಗೆ ನೀವು ಕೊಟ್ಟಿದ್ದು ಒಂದೇ ಸಾಲು: ‘ಹಿಟ್ಲರನ ಕ್ರೌರ್ಯದಿಂದ ರೈಲಿನಲ್ಲಿ ಪಾರಾದರು’. ಅದು ಅಂಥಿಂಥ ರೈಲಲ್ಲ. 1944ರ ಮೇ ಮಧ್ಯದಿಂದ ಜುಲೈ 9ರೊಳಗೆ ಹಂಗೆರಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಸಾಗಿಸಿದರು, ಬಹುತೇಕ ಎಲ್ಲರನ್ನೂ ಆಶ್ವಿಟ್ಜ್ ಎಂಬ ನಾಜಿ ಸಾವಿನ ಶಿಬಿರಕ್ಕೆ. ಅದೇ ದಿನಗಳಲ್ಲಿ, ಜೂನ್ 30ರಂದು, ಬುಡಾಪೆಸ್ಟ್‌ನಿಂದ ಸುಮಾರು 1,700 ಜನರ ಇನ್ನೊಂದು ರೈಲು ಹೊರಟಿತು. ರುಡಾಲ್ಫ್ ಕಾಸ್ಟ್ನರ್ ಎಂಬ ಯಹೂದಿ ಮುಖಂಡ ಈ ಸಾಗಣೆ ನಡೆಸುತ್ತಿದ್ದ ನಾಜಿ ಅಧಿಕಾರಿ ಐಕ್‌ಮನ್ ಜೊತೆ ಚೌಕಾಸಿ ಮಾಡಿ, ತಲೆಗಿಷ್ಟು ಎಂದು ಕೊಟ್ಟು ಬಿಡಿಸಿಕೊಂಡ ರೈಲು. ಅದು ಮೊದಲು ಹೋಗಿದ್ದು ಬರ್ಗೆನ್-ಬೆಲ್ಸೆನ್ ಶಿಬಿರಕ್ಕೆ. ಅಲ್ಲಿಂದ ಎರಡು ಕಂತಿನಲ್ಲಿ ಸ್ವಿಟ್ಜರ್‌ಲೆಂಡ್. ಆಮೇಲೆ ಇಸ್ರೇಲಿನಲ್ಲಿ ಆ ಚೌಕಾಸಿಯೇ ಕೋರ್ಟು ಮೆಟ್ಟಿಲೇರಿತು. ಕಾಸ್ಟ್ನರ್ ಸೈತಾನನಿಗೆ ಆತ್ಮ ಮಾರಿಕೊಂಡ ಎಂದು 1955ರಲ್ಲಿ ನ್ಯಾಯಾಧೀಶರು ಹೇಳಿಬಿಟ್ಟರು. 1957ರಲ್ಲಿ ಟೆಲ್ ಅವೀವ್‌ನಲ್ಲಿ ಅವನಿಗೆ ಗುಂಡೇಟು ಬಿತ್ತು, ಸತ್ತ. ಮರುವರ್ಷ ಸುಪ್ರೀಂ ಕೋರ್ಟ್ ಆ ತೀರ್ಪಿನ ಬಹುಭಾಗವನ್ನು ತಳ್ಳಿಹಾಕಿತು. ಎಲ್ಸಾ ಬಂದದ್ದು ಅದೇ ರೈಲಿನಲ್ಲಿ, ಬದುಕಬೇಕಾದದ್ದು ಅದೇ ಊರಿನಲ್ಲಿ. ‘ನಿನಗೆ ಸೀಟು ಹೇಗೆ ಸಿಕ್ಕಿತು?’ ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕು? ಆ ಮೌನಕ್ಕೆ ನೀವು ‘ಋಷಿಸದೃಶ ಗಾಂಭೀರ್ಯ’ ಅಂತ ಹೆಸರಿಟ್ಟಿದ್ದೀರಿ. ಅಲ್ಲಿ ನಾನು ಪೆನ್ನು ಕೆಳಗಿಟ್ಟು ಎದ್ದುಹೋಗಿ ಕಾಫಿ ಕುಡಿದು ಬಂದೆ.

ಇಂಗ್ಲಿಷಿಗೆ ತಂದವರು ಡೇನಿಯಲಾ ಝಮೀರ್. ಅವರ ಹೆಸರೇ ಇಲ್ಲ. ನೀವು ಓದಿದ ಒಂದೊಂದು ವಾಕ್ಯವೂ ಅವರದು, ಅಲ್ವಾ? ಬೆನ್-ನಫ್ತಾಲಿ ತಾವೇ ಫ್ರೆಂಚಿನಿಂದ ಅನುವಾದ ಮಾಡುವವರು. ಅವರೇ ನಿಮ್ಮ ಲೇಖನ ನೋಡಿದರೆ ಮೊದಲು ಇದನ್ನೇ ಕೇಳುತ್ತಿದ್ದರು.

ಈಗ ಆರನೇ ಪುಟ. ಅಲ್ಲಿ ನಾಲ್ಕು ಸಾಲು ಇದೆ, ನೀವು ಬಹುಶಃ ಮರೆತೂ ಇರಬಹುದು: ‘ನಮ್ಮ ಇಂಗ್ಲಿಷ್ ಮೇಡಂ ಬೆಲ್ ಹೊಡೆದ ಮೇಲೆ ಬೋರ್ಡ್ ಪೂರ್ತಿ ಒರೆಸುತ್ತಿದ್ದರು. ಕೆಳಗೆ ಬಿದ್ದ ಸೀಮೆಸುಣ್ಣದ ಚೂರನ್ನೂ ಆಯ್ದುಕೊಂಡು ಹೋಗುತ್ತಿದ್ದರು. ಅವರ ಮನೆ ಎಲ್ಲಿ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಈಗ ನಾನೂ ಒಂದಕ್ಷರ ಬಿಡದೆ ಒರೆಸಿಯೇ ಕ್ಲಾಸಿನಿಂದ ಹೊರಡುತ್ತೇನೆ.’ ಇಡೀ ಲೇಖನದಲ್ಲಿ ಶ್ಲೋಕದ ಹಂಗಿಲ್ಲದೆ ನೀವು ಬರೆದದ್ದು ಇಷ್ಟೇ. ಒಂದು ಗುರುತೂ ಉಳಿಸದೆ ಹೋಗಬೇಕೆಂದಿದ್ದ ಎಲ್ಸಾಳ ಪುಸ್ತಕ ನಿಮ್ಮ ಕೈಗೆ ಯಾಕೆ ಹತ್ತಿತು ಅನ್ನುವುದು ಈ ನಾಲ್ಕು ಸಾಲಿನಲ್ಲಿದೆ. ಆದರೆ ಐದನೇ ಸಾಲಿಗೇ ‘ಇಂತಹ ಮಹಾನ್ ಗುರುಗಳಿಗೆ ನಮೋ ನಮಃ’ ಅಂತ ಕೈಮುಗಿದು ಎದ್ದುಬಿಟ್ಟಿರಿ.

ಮೊದಲ ಎರಡು ಪುಟ ತೆಗೆದುಹಾಕಿ. ಈ ಮೇಡಂ ಅವರಿಂದ ಶುರು ಮಾಡಿ, ರೈಲಿಗೆ ಒಂದು ಪುಟ ಕೊಡಿ. ಸಾವಿರದ ಇನ್ನೂರು ಪದ ಮೀರದಿರಲಿ. ಆಗಸ್ಟ್ 10ರೊಳಗೆ ಬಂದರೆ ಈ ಸಲವೇ ನೋಡೋಣ, ಇಲ್ಲದಿದ್ದರೂ ಅವಸರವಿಲ್ಲ.

ಅಂದ ಹಾಗೆ, ಆ ಸೀಮೆಸುಣ್ಣದ ಚೂರುಗಳನ್ನು ಅವರು ಎಲ್ಲಿ ಇಟ್ಟುಕೊಳ್ಳುತ್ತಿದ್ದರು? ಪರ್ಸಿನಲ್ಲೋ, ಸೆರಗಿನ ತುದಿಯಲ್ಲೋ? ನೀವು ಬರೆದಿಲ್ಲ.